ಪತ್ರಾಸ್ ಶೆಡ್ಡಿಗೆ ಶಟರ್: ಬಾಗಿಲಿಗಿಂತ ಮೊದಲು ಚೌಕಟ್ಟು

ಮನೆ ಕಟ್ಟುವಾಗ ತಲೆಬಾಗಿಲ ಚೌಕಟ್ಟು ನಿಲ್ಲಿಸಲು ನಾವು ದಿನ ನೋಡುತ್ತೇವೆ. ಅರಿಶಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಬಡಿಗೇರನ ಕೈಗೆ ವೀಳ್ಯ ಕೊಟ್ಟ ಮೇಲೆಯೇ ಗೋಡೆ ಮುಂದಕ್ಕೆ ಏಳುತ್ತದೆ. ಅದೇ ನಾವು ತೋಟದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಲು ಪತ್ರಾಸ್ ಶೆಡ್ ಹಾಕುವಾಗ ಕೆಲಸ ತಿರುವುಮುರುವು. ಮೊದಲು ಕಂಬ, ಆಮೇಲೆ ತಗಡು, ಎಲ್ಲ ಮುಗಿದ ಮೇಲೆ "ಇಲ್ಲೊಂದು ಶಟರ್ ಕೂಡ್ರಸ್ರಿ" ಎಂದು ಶಟರಿನವನನ್ನು ಕರೆಯುತ್ತೇವೆ. ಅವನು ಇದ್ದ ಜಾಗದಲ್ಲೇ ಹೇಗೋ ಹೊಂದಿಸಿ ಹೋಗುತ್ತಾನೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಶಟರ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಎತ್ತಲು ಇಬ್ಬರು ಬೇಕು, ಇಳಿಸಲು ಒಬ್ಬ ಜೋತುಬೀಳಬೇಕು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ಇಂದು ಶೆಡ್ ಇಲ್ಲದ ತೋಟದ ವಸ್ತಿ ಕಡಿಮೆ. ಕಬ್ಬಿನವರಿಗೆ ಟ್ರ್ಯಾಕ್ಟರು, ರೋಟಾವೇಟರು, ಡ್ರಿಪ್ ಪೈಪು ಇಡಲು ಬೇಕು. ನಿಪ್ಪಾಣಿ ಕಡೆ ತಂಬಾಕು, ರಾಯಬಾಗದಲ್ಲಿ ಅರಿಶಿಣ ಮತ್ತು ಗೋವಿನಜೋಳ, ಅಥಣಿಯಲ್ಲಿ ಒಣದ್ರಾಕ್ಷಿ ಇಡಲು ಬೇಕು. ಒಂದು ಟ್ರ್ಯಾಕ್ಟರ್ ಎಂದರೆ ಸಣ್ಣ ರೈತನಿಗೆ ಹೊಲದ ನಂತರದ ದೊಡ್ಡ ಆಸ್ತಿ, ಅದೂ ಬ್ಯಾಂಕಿನ ಸಾಲದ ಮೇಲಿನದು. ಆ ಆಸ್ತಿ ಇರುವ ಗೂಡಿನ ಬಾಯಿ ಹೇಗಿರಬೇಕು ಎಂಬುದನ್ನು ನಮ್ಮ ಶೆಡ್ಡಿನ ಕೆಲಸದಲ್ಲಿ, ಸುತ್ತಲಿನ ಏಳೆಂಟು ಶೆಡ್ಡುಗಳನ್ನು ನೋಡಿ, ಗೌಂಡಿ ಮತ್ತು ವೆಲ್ಡಿಂಗಿನವರ ಜೊತೆ ಮಾತಾಡಿ ತಿಳಿದುಕೊಂಡಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಂಬ ಕಿತ್ತರೆ ತೊಲೆ

ನಮ್ಮ ಕಡೆಯ ಹಳೆಯ ಮೇಲ್ಮುದ್ದೆ ಮನೆಗಳನ್ನು ನೋಡಿದವರಿಗೆ ಇದರ ಮೂಲ ತತ್ವ ಗೊತ್ತೇ ಇದೆ. ಮೇಲಿನ ಮಣ್ಣಿನ ಭಾರ ಜಂತಿಗೆ, ಜಂತಿಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ನೆಲಕ್ಕೆ ಇಳಿಯುತ್ತದೆ. ಬಂಡಿ ಒಳಗೆ ಬರಲೆಂದು ಎಲ್ಲಿಯಾದರೂ ಕಂಬ ಬಿಟ್ಟರೆ ಅಲ್ಲಿ ದಪ್ಪ ತೊಲೆ ಬರುತ್ತಿತ್ತು. ನಮ್ಮ ಕೆಲಸಕ್ಕೆ ಬಂದ ಹಿರಿಯ ಗೌಂಡಿ ಕಾಕಾ ಇದನ್ನೇ ಹೇಳಿದರು: "ಕಂಬಾ ಕಿತ್ತಾಂವ ತೊಲಿ ಹಾಕಬೇಕೋ ತಮ್ಮಾ. ಹಾಕಲಿಲ್ಲಂದ್ರ ಮ್ಯಾಲಿನ ಭಾರ ಒಂದಿನಾ ಲೆಕ್ಕಾ ಕೇಳ್ತೈತಿ."

ಪತ್ರಾಸ್ ಶೆಡ್ಡೂ ಕಂಬದ ಮನೆಯೇ. ಅದರ ಗೋಡೆ ಬರೀ ತಗಡು, ಭಾರ ಹೊರುವುದಿಲ್ಲ. ಅಮೆರಿಕದ ಹೊಲಗಳಲ್ಲಿ 1930ರ ದಶಕದಿಂದ ಮರದ ಕಂಬ ನೆಟ್ಟು ಇಂಥ ಕಟ್ಟಡ ಕಟ್ಟುತ್ತ ಬಂದಿದ್ದಾರೆ. ಅಲ್ಲಿ ಬಾಗಿಲು ನಾಲ್ಕೈದು ತುಂಡಾಗಿ ಹಳಿಯ ಮೇಲೆ ಜಾರಿ ಚಾವಣಿಯ ಕೆಳಗೆ ಮಲಗುತ್ತದೆ. ನಮ್ಮಲ್ಲಿ ಬಾಗಿಲು ಸುರುಳಿಯಾಗಿ ಮೇಲೆ ಸುತ್ತಿಕೊಳ್ಳುತ್ತದೆ. ಬಾಗಿಲು ಬೇರೆಯಾದರೂ ಚೌಕಟ್ಟಿನ ಲೆಕ್ಕ ಒಂದೇ. ಎರಡು ಗಟ್ಟಿ ಕಂಬ, ಮೇಲೊಂದು ತೊಲೆ, ಪಕ್ಕದ ಅಂಕಣಗಳಿಗೆ ಕತ್ತರಿ ಪಟ್ಟಿ, ಕೆಳಗೆ ಅಲುಗದ ಹೊಸ್ತಿಲು.

ಈ ಚೌಕಟ್ಟಿನ ಮೇಲೆ ಮೂರು ಬಗೆಯ ಭಾರ ಬೀಳುತ್ತದೆ. ಒಂದು, ಚಾವಣಿಯದು. ಎರಡು, ಶಟರಿನದೇ ತೂಕ. 10 ಅಡಿ ಅಗಲ 10 ಅಡಿ ಎತ್ತರದ ಕಬ್ಬಿಣದ ಶಟರು ಒಂದು ಕ್ವಿಂಟಲ್ ಮೀರುತ್ತದೆ. ಮೇಲೆತ್ತಿದಾಗ ಅಷ್ಟೂ ತೂಕ ಕಂಬಗಳ ನೆತ್ತಿಯಲ್ಲಿರುತ್ತದೆ. ಮೂರನೆಯದು ಗಾಳಿ. ನಾವು ಮರೆಯುವುದು ಇದನ್ನೇ.

ಗಾಳಿಯ ಲೆಕ್ಕ

ಭರಣಿ, ಕೃತ್ತಿಕಾ ಮಳೆಗಳು ನಮ್ಮಲ್ಲಿ ನೀರಿಗಿಂತ ಮೊದಲು ಗಾಳಿ ತರುತ್ತವೆ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿ ಎದುರಿಗಿರುವ ಪ್ರತಿ ಚದರ ಮೀಟರನ್ನು ಸುಮಾರು 47 ಕಿಲೋ ಭಾರದಷ್ಟು ದೂಡುತ್ತದೆ. 10 ಅಡಿ ಚೌಕದ ಶಟರ್ ಎಂದರೆ 9.3 ಚದರ ಮೀಟರ್. ಅಂದರೆ ಮುಚ್ಚಿದ ಶಟರಿನ ಮೇಲೆ ನಾಲ್ಕು ಕ್ವಿಂಟಲಿಗಿಂತ ಹೆಚ್ಚು ಒತ್ತಡ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಈ ಒತ್ತಡವೆಲ್ಲ ಶಟರಿನ ಪಟ್ಟಿಗಳ ಎರಡು ತುದಿಗಳ ಮೂಲಕ ಪಕ್ಕದ ಗೈಡಿಗೆ, ಗೈಡಿನಿಂದ ಕಂಬಕ್ಕೆ ಹೋಗುತ್ತದೆ. ಒಂದೊಂದು ಕಂಬಕ್ಕೆ ಎರಡು ಕ್ವಿಂಟಲಿಗೂ ಮೇಲೆ, ಅದೂ ಅಡ್ಡಲಾಗಿ. ಉಳಿದ ಕಂಬಗಳಿಗೆ ಸಾಕಾಗುವ ಎರಡೂವರೆ ಇಂಚಿನ ಪೈಪು ಶಟರಿನ ಪಕ್ಕಕ್ಕೆ ಸಾಲದು ಎನ್ನುವುದು ಇದಕ್ಕೇ.

ನಮ್ಮ ಪಕ್ಕದ ವಸ್ತಿಯಲ್ಲಿ ಹೀಗೇ ಆಯಿತು. ಶೆಡ್ ಹೊಸದು, ತಗಡು ಒಳ್ಳೆಯದು. ಬೈಗಿನ ಹೊತ್ತಿಗೆ ಗಾಳಿ ಎದ್ದಾಗ ಎಲ್ಲರೂ ಶಟರ್ ಎಳೆದು ಮನೆ ಸೇರಿದ್ದರು. ಬಾಗಿಲ ಕಂಬ ತುಸು ಹೊರಕ್ಕೆ ಬಾಗಿತು, ಗೈಡಿನೊಳಗೆ ಬರೀ ಒಂದಿಂಚು ಹೊಕ್ಕಿದ್ದ ಪಟ್ಟಿಗಳು ಕಳಚಿ ಒಳಗೆ ಮಡಚಿಕೊಂಡವು. ಆಮೇಲೆ ಗಾಳಿಗೆ ದಾರಿ ಸಿಕ್ಕಿತು. ಒಳಗೆ ನುಗ್ಗಿದ ಗಾಳಿ ಹೊರಗೆ ಹೋಗಲು ಜಾಗವಿಲ್ಲದೆ ಚಾವಣಿಯನ್ನು ಕೆಳಗಿನಿಂದ ದೂಡಿತು, ಮೇಲಿನಿಂದ ಹಾಯುವ ಗಾಳಿ ಅದನ್ನೇ ಮೇಲಕ್ಕೆ ಜಗ್ಗಿತು. ಹನ್ನೊಂದು ತಗಡು ಕಬ್ಬಿನ ಹೊಲದಲ್ಲಿ ಸಿಕ್ಕವು. ಒಂದು ತಗಡು ದನ ಕಟ್ಟಿದ ಗೂಟದ ಹತ್ತಿರ ನೆಲಕ್ಕೆ ನಾಟಿತ್ತು. ಪುಣ್ಯಕ್ಕೆ ದನಗಳು ಒಳಗಿದ್ದವು.

ಗಾಳಿಯ ಬಗೆಗಿನ ಭಾರತೀಯ ಮಾನಕದಲ್ಲಿ ಈ ಒಳಒತ್ತಡಕ್ಕೆ ಲೆಕ್ಕವಿದೆ. ಕಿಂಡಿ ಕಡಿಮೆ ಇರುವ ಕಟ್ಟಡಕ್ಕೆ 0.2 ಎಂದು ಹಿಡಿದರೆ, ಗೋಡೆಯ ಐದರಲ್ಲಿ ಒಂದು ಪಾಲಿಗಿಂತ ದೊಡ್ಡ ತೆರೆ ಇರುವುದಕ್ಕೆ 0.7 ಹಿಡಿಯಬೇಕು. ಮೂರೂವರೆ ಪಟ್ಟು. 20 ಅಡಿ ಅಗಲದ ಗೋಡೆಯಲ್ಲಿ 10 ಅಡಿ ಚೌಕದ ಬಾಯಿ ಎಂದರೆ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು. ಆದ್ದರಿಂದ ಶಟರ್ ಮುರಿದರೆ ಹೋಗುವುದು ಬರೀ ಶಟರಲ್ಲ, ಚಾವಣಿ. ಗಾಳಿ ಎದ್ದಾಗ ಶಟರನ್ನು ಅರ್ಧಕ್ಕೆ ಬಿಡಬಾರದು ಎನ್ನುವುದೂ ಇದಕ್ಕೇ. ಪೂರ್ತಿ ಇಳಿಸಿ, ಎರಡೂ ಬದಿಯ ಕೀಲಿ ಹಾಕಬೇಕು.

ಮೊದಲು ಟೇಪು, ಆಮೇಲೆ ಗುದ್ದಲಿ

ಶಟರಿನ ಅಳತೆಯನ್ನು ನೆರೆಯವರ ಶೆಡ್ ನೋಡಿ ಹೇಳಬೇಡಿ. ನಿಮ್ಮಲ್ಲಿರುವ ಯಂತ್ರಗಳನ್ನು ಅಳೆಯಿರಿ. 45 ಎಚ್.ಪಿ. ಟ್ರ್ಯಾಕ್ಟರು ಸಾಮಾನ್ಯವಾಗಿ ಆರು ಅಡಿಯ ಆಚೀಚೆ ಅಗಲ. ಆರು ಅಡಿಯ ರೋಟಾವೇಟರಿನ ಹೊರ ಅಳತೆ ಆರೂವರೆಯಿಂದ ಏಳು ಅಡಿ ಆಗುತ್ತದೆ. ಎರಡೂ ಬದಿಗೆ ಒಂದೂವರೆ ಅಡಿ ಬಿಟ್ಟರೆ 10 ಅಡಿ. ಇದಕ್ಕಿಂತ ಕಿರಿದಾದರೆ ರಾತ್ರಿ ಹೊತ್ತು ಹಿಮ್ಮುಖವಾಗಿ ಒಳಗೆ ಹಾಕುವಾಗ ರೋಟಾವೇಟರಿನ ಮೂಲೆ ಗೈಡಿಗೆ ಬಡಿಯುತ್ತದೆ. ಒಮ್ಮೆ ಗೈಡ್ ಬಾಗಿದರೆ ಶಟರ್ ಮತ್ತೆ ಮೊದಲಿನಂತೆ ಆಗುವುದಿಲ್ಲ.

ಎತ್ತರಕ್ಕೆ ಟ್ರ್ಯಾಕ್ಟರಿನ ಹೊಗೆ ಕೊಳವೆಯ ತುದಿ ಅಥವಾ ಮೇಲಿನ ಹುಡ್ಡು ಅಳೆಯಿರಿ. ಎಂಟು ಅಡಿ ಒಳಗಿದ್ದರೆ 10 ಅಡಿ ಬಾಯಿ ಸಾಕು. ಸಣ್ಣ ಟ್ರ್ಯಾಕ್ಟರು, ಪವರ್ ಟಿಲ್ಲರು ಮಾತ್ರ ಇರುವವರು 8 ಅಡಿ ಚೌಕ ಮಾಡಿಕೊಂಡರೆ ಶಟರಿನ ತೂಕವೂ ಗಾಳಿಯ ಭಾರವೂ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ. ಕಬ್ಬು ತುಂಬಿದ ಟ್ರೇಲರ್ ಒಳಗೆ ಬರಬೇಕೆಂದು ಬಾಯಿ ದೊಡ್ಡದು ಮಾಡಬೇಡಿ. ತುಂಬಿದ ಟ್ರೇಲರಿನ ಜಾಗ ಕಾರ್ಖಾನೆ, ಶೆಡ್ ಅಲ್ಲ.

ಕೈಯಿಂದ ಎತ್ತಿ ಇಳಿಸುವ ಸ್ಪ್ರಿಂಗಿನ ಶಟರು ಸುಮಾರು 10 ಚದರ ಮೀಟರಿನವರೆಗೆ, ಅಂದರೆ ನೂರೇಳು ಚದರಡಿವರೆಗೆ ಸರಿ. ಅದಕ್ಕಿಂತ ದೊಡ್ಡದಕ್ಕೆ ಸರಪಳಿ ಮತ್ತು ಗಿಯರಿನ ಜೋಡಣೆ ಬೇಕಾಗುತ್ತದೆ. 10 ಅಡಿ ಚೌಕ ಎಂಬ ಅಳತೆ ಈ ಗೆರೆಯ ಒಳಗೇ ಕೂಡುತ್ತದೆ. 12 ಅಡಿ ಬೇಕೇ ಬೇಕು ಎನ್ನುವವರು ಖರ್ಚಿನ ಜೊತೆ ರಿಪೇರಿಯನ್ನೂ ಎಣಿಸಿಕೊಳ್ಳಲಿ.

ಯಾವ ಬದಿಗೆ ಬಾಯಿ?

ಎರಡು ಇಳಿಜಾರಿನ ಶೆಡ್ಡಿಗೆ ನೀರು ಬೀಳುವ ಬದಿ ಎರಡು, ತ್ರಿಕೋನದ ಬದಿ ಎರಡು. ಸಾಧ್ಯವಿದ್ದರೆ ತ್ರಿಕೋನದ ಬದಿಗೇ ಶಟರ್ ಇಡಿ. ನೀರು ಬೀಳುವ ಬದಿಯ ಕಂಬಗಳು ಚಾವಣಿಯ ಭಾರ ಹೊರುತ್ತವೆ, ಅಲ್ಲಿ ಎತ್ತರವೂ ಕಡಿಮೆ, ಮಳೆಯ ನೀರೆಲ್ಲ ಬಾಗಿಲ ಮುಂದೆಯೇ ಬೀಳುತ್ತದೆ. ತ್ರಿಕೋನದ ಬದಿಯಲ್ಲಿ ನಡುವಿನ ಒಂದು ಕಂಬ ಬಿಟ್ಟು, ಬಾಗಿಲಿನ ಎರಡು ಕಂಬಗಳನ್ನು ಮೇಲಿನ ಕೈಪೈಪಿಗೆ ಮುಟ್ಟಿಸಿ ವೆಲ್ಡ್ ಮಾಡಿದರೆ ಅವೇ ಆ ಭಾರ ಹೊರುತ್ತವೆ. ಬಾಗಿಲ ಎತ್ತರಕ್ಕೇ ಕಂಬ ನಿಲ್ಲಿಸಿ ಮೇಲೆ ಗಾಳಿಯಲ್ಲಿ ಬಿಡಬಾರದು.

ಮುಂಗಾರಿನ ಗಾಳಿ ಮಳೆ ನಮಗೆ ಪಡುವಣದಿಂದ ಬರುತ್ತದೆ. ಆದ್ದರಿಂದ ಬಾಯಿ ಪೂರ್ವಕ್ಕಿದ್ದರೆ ನಾಲ್ಕು ತಿಂಗಳ ಸಿಡಿಲುಮಳೆ ಒಳಗೆ ಹೊಡೆಯುವುದಿಲ್ಲ. ಜೊತೆಗೆ ಬಾಗಿಲ ಎದುರು ಟ್ರ್ಯಾಕ್ಟರ್ ಮತ್ತು ಹಿಂದಿನ ಉಪಕರಣ ನೇರವಾಗಿ ನಿಲ್ಲುವಷ್ಟು, ಕನಿಷ್ಠ 25 ಅಡಿ ಬಯಲು ಬೇಕು. ಓರೆಯಾಗಿ ತಿರುಗಿಸಿ ಒಳಗೆ ಹಾಕಬೇಕಾದರೆ 10 ಅಡಿಯೂ ಸಾಲದು.

ಎಲ್ಲರೂ ಎಡವುವ ಜಾಗ: ಮೇಲಿನ ಒಂದೂವರೆ ಅಡಿ

10 ಅಡಿ ಎತ್ತರದ ಶಟರ್ ಸುತ್ತಿಕೊಂಡಾಗ 12-13 ಇಂಚು ದಪ್ಪದ ಸುರುಳಿ ಆಗುತ್ತದೆ. ಅದರ ಪೆಟ್ಟಿಗೆ, ಬ್ರಾಕೆಟ್ ಸೇರಿ ಬಾಯಿಯ ಮೇಲೆ ಒಂದೂವರೆ ಅಡಿ ಜಾಗ ಬೇಕು. ಅಂದರೆ 10 ಅಡಿ ಬಾಯಿಗೆ ಆ ಜಾಗದಲ್ಲಿ ಹನ್ನೊಂದೂವರೆ ಅಡಿ ಎತ್ತರ ಬೇಕು.

ಒಂದು ಲೆಕ್ಕ ನೋಡಿ. 20 ಅಡಿ ಅಗಲದ ಶೆಡ್, ಪಕ್ಕದ ಕಂಬ 10 ಅಡಿ, ಇಳಿಜಾರು ನಾಲ್ಕಕ್ಕೆ ಒಂದು. ನಡುವಿನ ನೆತ್ತಿ ಹನ್ನೆರಡೂವರೆ ಅಡಿ ಆಗುತ್ತದೆ. "ಹನ್ನೆರಡೂವರಿ ಐತ್ರಿ, ಬೇಕಾದಷ್ಟಾತು" ಎನ್ನುತ್ತಾರೆ. ಆದರೆ ಸುರುಳಿ ನಡುವೆ ಒಂದೇ ಕಡೆ ಇರುವುದಿಲ್ಲ, ಬಾಗಿಲಿನ ಪೂರ್ತಿ ಅಗಲಕ್ಕೆ ಇರುತ್ತದೆ. ಅದರ ತುದಿ ನಡುವಿನಿಂದ ಐದು ಅಡಿ ಆಚೆ. ಅಲ್ಲಿ ಚಾವಣಿಯ ಎತ್ತರ ಹನ್ನೊಂದು ಅಡಿ ಮೂರು ಇಂಚು ಮಾತ್ರ. ಅದರಲ್ಲಿ ಕೈಪೈಪು, ಅಡ್ಡಪೈಪುಗಳಿಗೆ ಆರು ಇಂಚು ಹೋದರೆ ಉಳಿದದ್ದು ಹತ್ತೂ ಮುಕ್ಕಾಲು ಅಡಿ. ಒಂಬತ್ತು ಇಂಚು ಸಾಲದು. ಆಗ ಶಟರಿನವನು ಏನು ಮಾಡುತ್ತಾನೆ? ಬಾಯಿಯನ್ನು ಒಂಬತ್ತೂ ಕಾಲು ಅಡಿಗೆ ಇಳಿಸುತ್ತಾನೆ, ಇಲ್ಲವೇ ಕೈಪೈಪನ್ನೇ ಕತ್ತರಿಸಿ ಜಾಗ ಮಾಡುತ್ತಾನೆ. ಎರಡನೆಯದನ್ನು ಮಾತ್ರ ಯಾರೂ ಒಪ್ಪಬೇಡಿ, ಚಾವಣಿಯ ಬೆನ್ನೆಲುಬು ಅದು. ಪಕ್ಕದ ಕಂಬಗಳನ್ನು ಮೊದಲೇ 11 ಅಡಿಗೆ ಹಾಕಿಸಿದ್ದರೆ ಎಲ್ಲ ಸರಿ ಕೂಡುತ್ತಿತ್ತು. ಕಂಬಕ್ಕೆ ಒಂದು ಅಡಿ ಪೈಪಿನ ಖರ್ಚು, ಅಷ್ಟೇ.

ಎರಿ ಭೂಮಿಯಲ್ಲಿ ಕಂಬ

ನಿಪ್ಪಾಣಿ, ಚಿಕ್ಕೋಡಿಯ ಎತ್ತರದ ಕಡೆ ಗರಸು, ಕೆಂಪು ಮಣ್ಣು ಸಿಗುತ್ತದೆ. ಅಲ್ಲಿ ಕಂಬ ನಿಲ್ಲಿಸುವುದು ಸುಲಭ. ಕೃಷ್ಣೆಯ ಅಕ್ಕಪಕ್ಕದ ರಾಯಬಾಗ, ಅಥಣಿ, ಕಾಗವಾಡದ ಎರಿ ಭೂಮಿ ಮಾತ್ರ ಉಸಿರಾಡುವ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಜೊತೆ ಕಂಬವೂ ಏಳುತ್ತದೆ, ಇಳಿಯುತ್ತದೆ. ಬೇರೆ ಕಂಬ ಅರ್ಧ ಇಂಚು ಸರಿದರೆ ಗೊತ್ತಾಗುವುದಿಲ್ಲ. ಶಟರಿನ ಕಂಬ ಅಷ್ಟು ಸರಿದರೆ ಬಾಗಿಲು ನಿಲ್ಲುತ್ತದೆ. "ಮಳಿಗಾಲದಾಗ ಬಿಗಿ, ಬ್ಯಾಸಗ್ಯಾಗ ಸಡಲ" ಎನ್ನುವ ಶಟರುಗಳ ರೋಗ ಶಟರಿನಲ್ಲಿಲ್ಲ, ನೆಲದಲ್ಲಿದೆ.

ಇದಕ್ಕೆ ಮಾಡಬೇಕಾದ್ದು ಹೀಗೆ. ಬಾಗಿಲ ಕಂಬದ ಗುಂಡಿ 2 ಅಡಿ ಚೌಕ, 4 ಅಡಿ ಆಳ. ಬೇಸಿಗೆಯ ಬಿರುಕು ಅದಕ್ಕಿಂತ ಕೆಳಗೆ ಹೋಗುತ್ತಿದ್ದರೆ ಇನ್ನೂ ಆಳ, ಗರಸು ಸಿಕ್ಕರೆ ಗರಸಿನವರೆಗೆ. ತಳದಲ್ಲಿ ಆರು ಇಂಚು ಕಾಂಕ್ರೀಟ್ ಹಾಸಿ, ಅದರ ಮೇಲೆ ಕಂಬ ನಿಲ್ಲಿಸಿ, ಉಳಿದ ಮೂರೂವರೆ ಅಡಿಯನ್ನು ಕಾಂಕ್ರೀಟಿನಿಂದಲೇ ತುಂಬಬೇಕು. ತೆಗೆದ ಕರಿಮಣ್ಣನ್ನು ಮತ್ತೆ ಗುಂಡಿಗೆ ಹಾಕಬಾರದು. ಎರಡು ಕಂಬಗಳ ಬುಡವನ್ನು ಜೋಡಿಸಿ ಹೊಸ್ತಿಲ ಕೆಳಗೆ 9 ಇಂಚು ಅಗಲ, ಒಂದು ಅಡಿ ಆಳದ, ನಾಲ್ಕು ಕಬ್ಬಿಣದ ಸರಳಿನ ಪಟ್ಟಿ ಎರೆಯಬೇಕು. ಆಗ ಒಂದು ಕಂಬ ಸರಿದರೂ ಇನ್ನೊಂದನ್ನು ಬಿಟ್ಟು ಸರಿಯುವುದಿಲ್ಲ, ನಡುವಿನ ಅಂತರ ಉಳಿಯುತ್ತದೆ. ಬಹಳ ಆಳದ ಎರಿಯಲ್ಲಿ ದೊಡ್ಡ ಶೆಡ್ ಕಟ್ಟುವವರು ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬದ ಬಗ್ಗೆ ಇಂಜಿನಿಯರರನ್ನು ಕೇಳಬಹುದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರಿ ಭೂಮಿಗೆಂದೇ ಬೆಳೆಸಿದ ಪದ್ಧತಿ ಅದು.

ಇನ್ನೊಂದು ಶತ್ರು ಸವಳು. ನೀರು ಹೆಚ್ಚು ಬಿಟ್ಟು ಸವಳು-ಜವಳಾದ ಕಬ್ಬಿನ ಭೂಮಿ ನಮ್ಮಲ್ಲಿ ಸಾಕಷ್ಟಿದೆ. ಆ ಮಣ್ಣಿನ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಮಣ್ಣು ಮತ್ತು ಗಾಳಿ ಕೂಡುವ ಜಾಗದಲ್ಲೇ, ನೆಲಮಟ್ಟದಲ್ಲೇ, ಪೈಪು ಮೊದಲು ತೂತಾಗುವುದು. ಅದಕ್ಕೆ ಶೆಡ್ಡಿನ ನೆಲವನ್ನು ಹೊರಗಿನ ನೆಲಕ್ಕಿಂತ ಆರರಿಂದ ಒಂಬತ್ತು ಇಂಚು ಎತ್ತರಿಸಿ, ಕಂಬದ ಕಾಂಕ್ರೀಟನ್ನು ಒಳನೆಲದ ಮಟ್ಟಕ್ಕೆ ತನ್ನಿ. ಪೈಪು ಎಲ್ಲೂ ಮಣ್ಣು ಮುಟ್ಟಬಾರದು. ಪೊಟ್ಯಾಶ್, ಯೂರಿಯಾ ಚೀಲಗಳನ್ನು ಶಟರಿನ ಗೈಡಿಗೆ ಒರಗಿಸಿ ಇಡುವುದೂ ಬೇಡ, ಅದೂ ಉಪ್ಪೇ.

ಕೆಲಸದ ಕ್ರಮ

ಕಂಬಕ್ಕೆ 4 ಇಂಚು ಚೌಕದ, 4 ಮಿಲಿಮೀಟರ್ ದಪ್ಪದ ಪೈಪು ಒಳ್ಳೆಯದು. 4 ಇಂಚು ಏಕೆಂದರೆ ಅದರ ಒಳಮುಖಕ್ಕೆ 3 ಇಂಚಿನ ಗೈಡ್ ಪೂರ್ತಿ ಕೂಡುತ್ತದೆ. ಕಂಬ ಕಂಬದ ನಡುವಿನ ಅಂತರವೇ ನಿಮ್ಮ ಬಾಯಿಯ ಅಗಲ.

ಮೊದಲು ಮೂಲೆ ನೇರ ಮಾಡಿಕೊಳ್ಳಿ. ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಗುರುತು ಹಾಕಿದರೆ ಓರೆ 5 ಅಡಿ ಬರಬೇಕು. ಬಂದರೆ ಮೂಲೆ ಸರಿ. ಕಂಬ ನಿಲ್ಲಿಸಿದ ಮೇಲೆ ಎರಡು ಮುಖಕ್ಕೂ ತೂಕದ ಗುಂಡು ಬಿಟ್ಟು ನೋಡಿ. ನೀರಿನ ಪೈಪಿನ ಲೆವೆಲ್ ಹಿಡಿದು ಎರಡೂ ಕಂಬದ ಮೇಲೆ 10 ಅಡಿಯ ಗುರುತು ಹಾಕಿ. ಆಮೇಲೆ ಅಗಲವನ್ನು ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆಯಿರಿ. ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡೆಗೆ ಮೂಲೆಯಿಂದ ಮೂಲೆಗೆ ಎರಡೂ ಓರೆ ಅಳತೆ ಸಮ ಬರಬೇಕು. ಇಷ್ಟಾದ ಮೇಲೆಯೇ ಕಾಂಕ್ರೀಟ್. ಕಂಬಗಳಿಗೆ ಊರುಗೋಲು ಕೊಟ್ಟು ಏಳು ದಿನ ನೀರುಣಿಸಿ, ಅಲ್ಲಿಯವರೆಗೆ ಅದರ ಮೇಲೆ ಏನನ್ನೂ ಏರಿಸಬೇಡಿ.

ತೊಲೆಗೆ 4 ಇಂಚಿನ ಎರಡು ಚಾನಲ್ ಕೂಡಿಸಿ ಪೆಟ್ಟಿಗೆಯಂತೆ ವೆಲ್ಡ್ ಮಾಡಿಸಿ, 10 ಅಡಿಯ ಗುರುತಿಗೆ ಕೂಡಿಸಿ. ಮೇಲಿನ ತಗಡಿನ ಭಾರ ಮತ್ತು ಗಾಳಿ ಹೊರುವುದಷ್ಟೇ ಅಲ್ಲ, ಎರಡು ಕಂಬಗಳು ಹತ್ತಿರ ಬರದಂತೆ, ದೂರ ಹೋಗದಂತೆ ಹಿಡಿಯುವುದೂ ಇದರ ಕೆಲಸ. ಸುರುಳಿ ಈ ತೊಲೆಯ ಹಿಂದೆ, ಒಳಬದಿಗೆ ಬರುತ್ತದೆ. ಸುರುಳಿಯ ಬ್ರಾಕೆಟ್ಟನ್ನು ಕಂಬಕ್ಕೇ ಕೂಡಿಸಬೇಕು, ಕೆಳಗೆ ತ್ರಿಕೋನದ ಪಟ್ಟಿ ಆಸರೆ ಕೊಡಬೇಕು. ನಮ್ಮ ವೆಲ್ಡಿಂಗಿನ ಹುಡುಗ ಹೇಳಿದ ಮಾತು ನೆನಪಿಡುವಂಥದು: "ಅಣ್ಣಾರ, ಶಟರ್ ಅಂದ್ರ ಬಾಗಲಾ ಅಲ್ರಿ, ತಲಿ ಮ್ಯಾಲ ತೂಗ ಹಾಕಿದ ತೂಕಾರಿ ಅದು."

ಬಾಗಿಲು ಇರುವ ಗೋಡೆಗೆ ಕತ್ತರಿ ಪಟ್ಟಿ ಹಾಕಲು ನಡುವೆ ಜಾಗವಿಲ್ಲ. ಅದಕ್ಕೆ ಬಾಗಿಲಿನ ಎಡಕ್ಕೂ ಬಲಕ್ಕೂ ಉಳಿಯುವ ಐದೈದು ಅಡಿ ಅಂಕಣದಲ್ಲಿ ಮೂಲೆಯಿಂದ ಮೂಲೆಗೆ ಆಂಗಲ್ ಕತ್ತರಿ ಕಡ್ಡಾಯ. ಇದಿಲ್ಲದ ಶೆಡ್ಡನ್ನು ಕೈಯಿಂದ ದೂಡಿದರೂ ತೂಗಾಡುವುದನ್ನು ನೋಡಬಹುದು. ಬಾಗಿಲ ಮೇಲಿನ ಮತ್ತು ಮೂಲೆಯ ತಗಡುಗಳಿಗೆ ಸ್ಕ್ರೂ ಹತ್ತಿರ ಹತ್ತಿರ ಹಾಕಿಸಿ, ಗಾಳಿ ಮೊದಲು ಕೀಳುವುದು ಅಂಚನ್ನೇ.

ಹೊಸ್ತಿಲು ಏರು ಇರಬಾರದು, ಆದರೆ ಹೊರಗೆ ಇಳಿಜಾರು ಇರಬೇಕು. ಶಟರ್ ಕೂಡುವ ಗೆರೆಯ ಹೊರಗಿನ ನೆಲ ಮುಕ್ಕಾಲು ಇಂಚು ತಗ್ಗು ಇದ್ದರೆ ಮಳೆನೀರು ಒಳಗೆ ಬರುವುದಿಲ್ಲ. ಗೈಡನ್ನು ಕಂಬಕ್ಕೆ ಪೂರ್ತಿ ವೆಲ್ಡ್ ಮಾಡದೆ ಬೋಲ್ಟಿನಿಂದ ಕೂಡಿಸಿ, ನಾಳೆ ಬಾಗಿದರೆ ಬಿಚ್ಚಿ ನೆಟ್ಟಗೆ ಮಾಡಬಹುದು.

ಒಟ್ಟು ಸಾಮಾನು ಎಷ್ಟು?

ಪೈಪು 20 ಅಡಿ ಉದ್ದ ಬರುತ್ತದೆ, ಒಂದೊಂದು ಕಂಬಕ್ಕೆ ಹದಿನೈದೂ ಕಾಲು ಅಡಿ ಬೇಕಾಗುತ್ತದೆ. ಉಳಿದ ತುಂಡು ಬ್ರಾಕೆಟಿನ ಆಸರೆಗೆ ಆಯಿತು. ಒಂದು ಕಂಬ ಸುಮಾರು 55 ಕಿಲೋ, ಎರಡು ಚಾನಲಿನ ತೊಲೆ ಸುಮಾರು 60 ಕಿಲೋ. ಅಂದರೆ ಚೌಕಟ್ಟಿಗೆ 170 ಕಿಲೋ ಕಬ್ಬಿಣ, ಕತ್ತರಿ ಪಟ್ಟಿ ಬೇರೆ. ಎರಡು ಗುಂಡಿ ಮತ್ತು ಹೊಸ್ತಿಲ ಪಟ್ಟಿಗೆ ಸೇರಿ ಸುಮಾರು 40 ಘನ ಅಡಿ ಕಾಂಕ್ರೀಟ್. ಒಂದು ಪಾಲು ಸಿಮೆಂಟಿಗೆ ಎರಡು ಉಸುಕು, ನಾಲ್ಕು ಖಡಿ ಲೆಕ್ಕದಲ್ಲಿ ಏಳೆಂಟು ಚೀಲ ಸಿಮೆಂಟ್. ಆ ದಿನದ ದರ ಹಾಕಿ ಗುಣಿಸಿ ನೋಡಿ, ಒಂದು ಬಿರುಗಾಳಿ ಕಿತ್ತ ಚಾವಣಿಯ ಖರ್ಚಿನ ಮುಂದೆ ಇದು ಸಣ್ಣದು.

ಶಟರ್ ಕೊಳ್ಳುವಾಗ ಚದರಡಿ ದರ ಹೇಳುತ್ತಾರೆ. ಆ ಚದರಡಿಯಲ್ಲಿ ಸುರುಳಿಗೆ ಬೇಕಾದ ಹೆಚ್ಚಿನ ಉದ್ದ ಸೇರಿದೆಯೇ, ಗೈಡು, ಪೆಟ್ಟಿಗೆ, ಸಾಗಾಟ ಸೇರಿದೆಯೇ ಎಂದು ಮೊದಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಶಟರುಗಳಿಗೆ ಭಾರತೀಯ ಮಾನಕ 6248 ಎಂಬುದಿದೆ. ಅದರಂತೆ ಮೂರೂವರೆ ಮೀಟರ್ ಅಗಲದವರೆಗೆ ಪಟ್ಟಿಯ ತಗಡು 0.9 ಮಿಲಿಮೀಟರಿಗೆ ಕಡಿಮೆ ಇರಬಾರದು, ಅದಕ್ಕಿಂತ ಅಗಲವಿದ್ದರೆ 1.25. ನಮ್ಮ ಬಯಲು ಗಾಳಿಗೆ 10 ಅಡಿಗೂ 1.25 ಹಾಕಿಸಿದರೆ ಒಳ್ಳೆಯದು. ಗೈಡಿನ ಆಳ ಎರಡೂವರೆ ಇಂಚಿಗೆ ಕಡಿಮೆ ಬೇಡ, 3 ಇಂಚು ಇದ್ದರೆ ಇನ್ನೂ ವಾಸಿ.

ಇದ್ದ ಶೆಡ್ಡಿಗೆ ಬಾಯಿ ಕೊರೆಯುವವರಿಗೆ

ಮೊದಲೇ ಕಟ್ಟಿದ ಶೆಡ್ಡಿನ ನೀರು ಬೀಳುವ ಬದಿಯಲ್ಲಿ 8 ಅಡಿಗೊಂದು ಕಂಬ ಇರುತ್ತದೆ. 10 ಅಡಿ ಬಾಯಿಗೆ ಒಂದು ಕಂಬ ಕತ್ತರಿಸಬೇಕಾಗುತ್ತದೆ. 20 ಅಡಿ ಅಗಲದ ಶೆಡ್ಡಿನಲ್ಲಿ ಆ ಒಂದು ಕಂಬ 80 ಚದರಡಿ ಚಾವಣಿ ಹೊತ್ತಿರುತ್ತದೆ. ತಗಡು ಪೈಪಿನ ತೂಕ ಒಂದು ಕ್ವಿಂಟಲ್ ಚಿಲ್ಲರೆ. ಅದರ ಮೇಲೆ ರಿಪೇರಿಗೆ ಹತ್ತುವ ಜನ ಮುಂತಾದವರ ಭಾರವೆಂದು ಚದರ ಮೀಟರಿಗೆ 75 ಕಿಲೋ ಹಿಡಿದರೆ ಒಟ್ಟು ಆರೂವರೆ ಕ್ವಿಂಟಲ್ ದಾಟುತ್ತದೆ. ಕಂಬ ಕಿತ್ತರೆ ಅದಿಷ್ಟೂ 16 ಅಡಿ ಉದ್ದದ ತೊಲೆಯ ನಟ್ಟನಡುವೆ ಬೀಳುತ್ತದೆ. ಅದಕ್ಕೆ 4 ಇಂಚಿನ ಚಾನಲ್ ನಂಬಬೇಡಿ. ಇಂಜಿನಿಯರರಿಂದ ಲೆಕ್ಕ ಮಾಡಿಸಿ, ಇಲ್ಲವೇ ತ್ರಿಕೋನದ ಬದಿಗೆ ಬಾಯಿ ತಿರುಗಿಸಿ. ಯಾವ ಕಂಬವನ್ನೇ ಕತ್ತರಿಸಲಿ, ಮೊದಲು ಎರಡೂ ಬದಿಗೆ ಊರುಗೋಲು, ಆಮೇಲೆ ಹೊಸ ಕಂಬ ಮತ್ತು ತೊಲೆ, ಎಲ್ಲ ಗಟ್ಟಿಯಾದ ಮೇಲೆ ಹಳೆಯ ಕಂಬಕ್ಕೆ ಕಟರ್.

ಹೊಳೆದಂಡೆಯವರಿಗೆ ಮತ್ತು ಮಕ್ಕಳಿರುವ ಮನೆಗೆ

2005, 2019, 2021ರ ಮಹಾಪೂರ ಕಂಡವರಿಗೆ ಹೇಳಬೇಕಾಗಿಲ್ಲ. ಕಲ್ಲೋಳ-ಯಡೂರ, ಜತ್ರಾಟ-ಭಿವಶಿ ಸೇತುವೆ ಮುಳುಗಿದ ಸುದ್ದಿ ಬಂದಾಗಲೇ ಟ್ರ್ಯಾಕ್ಟರನ್ನು ಎತ್ತರದ ಜಾಗಕ್ಕೆ ಒಯ್ಯಿರಿ. ಶೆಡ್ಡಿಗೆ ನೀರು ಬರುವುದು ಖಾತ್ರಿಯಾದರೆ ಶಟರನ್ನು ಮುಚ್ಚಿ ಬರಬೇಡಿ, ಮೇಲೆತ್ತಿ ಬನ್ನಿ. ಮುಚ್ಚಿದ 10 ಅಡಿ ಅಗಲದ ಶಟರಿಗೆ ಹೊರಗೆ 3 ಅಡಿ ನೀರು ನಿಂತರೆ ಹನ್ನೆರಡು ಕ್ವಿಂಟಲ್ ಒತ್ತಡ ಬೀಳುತ್ತದೆ. ನೀರು ಒಳಹೊರಗೆ ಸಮನಾದರೆ ಚೌಕಟ್ಟು ಉಳಿಯುತ್ತದೆ.

ಶಟರಿನ ಪಕ್ಕದ ಅಂಕಣದಲ್ಲೋ ಬೇರೆ ಗೋಡೆಯಲ್ಲೋ 3 ಅಡಿಯ ಸಣ್ಣ ಬಾಗಿಲು ಇಡದೆ ಶೆಡ್ ಮುಗಿಸಬೇಡಿ. ಒಳಗೆ ಕಣಕಿ, ಡೀಸೆಲ್ ಇರುತ್ತದೆ. ಬೆಂಕಿ ಹತ್ತಿದಾಗ ಶಟರ್ ಸಿಕ್ಕಿಕೊಂಡರೆ ಒಳಗಿದ್ದವನಿಗೆ ಬೇರೆ ದಾರಿ ಬೇಕು. ತಗಡಿನ ಶೆಡ್ಡಿನೊಳಗಿನ ವೈರು ಪೈಪಿನಲ್ಲೇ ಹೋಗಲಿ, ಕಂಬಕ್ಕೆ ಅರ್ಥಿಂಗ್ ಕೊಡಿಸಿ. ಒದ್ದೆ ಕೈಯಲ್ಲಿ ಶಟರ್ ಮುಟ್ಟುವವರು ಹೆಚ್ಚಾಗಿ ಮನೆಯ ಹೆಂಗಸರು, ಮಕ್ಕಳು. ಸ್ಪ್ರಿಂಗ್ ಸಡಿಲಾಗಿದೆಯೆಂದು ನಾವೇ ಬಿಚ್ಚಲು ಹೋಗಬಾರದು. ಸುತ್ತಿದ ಸ್ಪ್ರಿಂಗ್ ಬಿಟ್ಟರೆ ಕೈ ಮುರಿಯುತ್ತದೆ. ಅರ್ಧಕ್ಕೆ ನಿಂತ ಶಟರಿನ ಕೆಳಗೆ ನುಗ್ಗುವುದಕ್ಕಿಂತ ಮೊದಲು ಎರಡೂ ಬದಿಗೆ ಗಟ್ಟಿ ಕಟ್ಟಿಗೆ ಊರಬೇಕು.

ವರ್ಷಕ್ಕೆ ಎರಡು ಸಲ, ಯುಗಾದಿಗೊಮ್ಮೆ ದಸರೆಗೊಮ್ಮೆ, ಗೈಡಿನ ಧೂಳು ಮತ್ತು ಗುಬ್ಬಿಗೂಡು ತೆಗೆದು, ಬೋಲ್ಟು ಬಿಗಿದು, ಅಗಲವನ್ನು ಮೂರು ಕಡೆ ಮತ್ತೆ ಟೇಪಿನಿಂದ ಅಳೆಯಿರಿ. ಮೊದಲ ದಿನದ ಅಳತೆಯನ್ನು ಕಂಬದ ಒಳಬದಿಗೆ ಬಣ್ಣದಲ್ಲಿ ಬರೆದಿಟ್ಟರೆ ನೆಲ ಎಷ್ಟು ಸರಿದಿದೆ ಎಂಬುದು ಶಟರ್ ಸಿಕ್ಕಿಕೊಳ್ಳುವ ಮೊದಲೇ ಗೊತ್ತಾಗುತ್ತದೆ. ಎರಿ ಭೂಮಿಯಲ್ಲಿ ಬೇರೆ ರೀತಿ ಕಂಬ ನಿಲ್ಲಿಸಿ ಹತ್ತು ವರ್ಷ ಶಟರ್ ಸರಾಗ ಓಡಿಸಿದ ರೈತರು ಇದ್ದರೆ, ಗುಂಡಿಯ ಆಳ ಮತ್ತು ಮಣ್ಣಿನ ವಿವರದೊಂದಿಗೆ ಪತ್ರಿಕೆಗೆ ಬರೆಯಬೇಕು.